ಎರಡು ವರ್ಷದ ಎಂ.ಎಸ್ಸಿ., ಕೈಗೆ ಸಿಗುವುದು ಒಂದೇ ಹಿಂಗಾರಿ

ಸಸ್ಯ ವಿಜ್ಞಾನದ ಸ್ನಾತಕೋತ್ತರ ಪದವಿ ಕಾಗದದ ಮೇಲೆ ನಾಲ್ಕು ಸೆಮಿಸ್ಟರ್, ಎರಡು ವರ್ಷ. ಹೊಲದ ಲೆಕ್ಕ ಹಿಡಿದರೆ ಅದು ಅಷ್ಟು ಉದ್ದವಿಲ್ಲ. ವಿಜಯಪುರದ ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ. ಮೊದಲ ವರ್ಷ ಆ ಹೊತ್ತಿಗೆ ಪ್ರವೇಶದ ಓಡಾಟವೇ ಮುಗಿದಿರುವುದಿಲ್ಲ. ಮುಗಿದರೂ ಗೈಡ್ ಯಾರೆಂದು ಗೊತ್ತಿರುವುದಿಲ್ಲ, ವಿಷಯ ಗೊತ್ತಾಗಿರುವುದಿಲ್ಲ. ಎರಡನೇ ವರ್ಷದ ಹಿಂಗಾರಿಯಲ್ಲಿ ಬಿತ್ತಿದರೆ ಫೆಬ್ರವರಿ-ಮಾರ್ಚ್‌ನಲ್ಲಿ ರಾಶಿ. ಅಲ್ಲಿಂದ ಥೀಸಿಸ್ ಕೊಡಲು ಉಳಿಯುವುದು ನಾಲ್ಕೈದು ತಿಂಗಳು. ಅಂದರೆ ಇಡೀ ಪದವಿಗೆ ಒಂದೇ ಹಂಗಾಮು. ಆ ಒಂದು ಹಂಗಾಮಿನಲ್ಲಿ ಬಿತ್ತನೆ ತಪ್ಪಿದರೆ, ಅಥವಾ ಪ್ಲಾಟ್ ಹಾಕುವಾಗ ಲೆಕ್ಕ ತಪ್ಪಿದರೆ, ಮತ್ತೆ ಮಾಡಲು ವರ್ಷ ಕಾಯಬೇಕು.

ಬಿ.ಎಸ್ಸಿ. ಮುಗಿಸಿದ ಹುಡುಗ-ಹುಡುಗಿಯರು ಯಾವ ವಿಭಾಗ ಒಳ್ಳೆಯದು, ಯಾವುದಕ್ಕೆ ಕೆಲಸ ಸಿಗುತ್ತದೆ ಎಂದು ಬಹಳ ಯೋಚನೆ ಮಾಡುತ್ತಾರೆ. ಯಾವ ಬೆಳೆ, ಅದಕ್ಕೆ ಎಷ್ಟು ತಿಂಗಳು, ಪ್ರಶ್ನೆಗೆ ಉತ್ತರ ಬರಲು ಎಷ್ಟು ಹಂಗಾಮು ಬೇಕು ಎಂಬುದನ್ನು ಯೋಚಿಸುವವರು ಕಡಿಮೆ. ಈ ಲೇಖನದಲ್ಲಿ ಆ ಎರಡನೆಯದಕ್ಕೇ ಹೆಚ್ಚು ಜಾಗ.

ಯಾವ ಬಾಗಿಲು, ಯಾರಿಗೆ

ಸಸ್ಯ ವಿಜ್ಞಾನ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಪದವಿಗಳಿವೆ. ಎಂ.ಎಸ್ಸಿ. ಕೃಷಿಗೆ ಹೋಗಲು ಬಿ.ಎಸ್ಸಿ. ಕೃಷಿ ಓದಿರಬೇಕು. ತಳಿ ಅಭಿವೃದ್ಧಿ, ಸಸ್ಯರೋಗಶಾಸ್ತ್ರ, ಬೀಜ ವಿಜ್ಞಾನ, ಬೆಳೆ ಶರೀರಕ್ರಿಯಾಶಾಸ್ತ್ರ ಎಲ್ಲವೂ ಇದರೊಳಗೆ ಬರುತ್ತವೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. 1986ರಲ್ಲಿ ಆರಂಭವಾದ ಈ ವಿಶ್ವವಿದ್ಯಾಲಯದ ಒಂದು ಕೃಷಿ ಮಹಾವಿದ್ಯಾಲಯ ಮತ್ತು ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ ವಿಜಯಪುರದಲ್ಲಿವೆ. ತೋಟಗಾರಿಕೆಯ ಎಂ.ಎಸ್ಸಿ. ಎರಡನೆಯ ಬಾಗಿಲು. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ನವನಗರದ ಉದ್ಯಾನಗಿರಿಯಲ್ಲಿದೆ. ಗೋಕಾಕ ಭಾಗದ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯವೂ ಅದರದ್ದೇ. ಹಣ್ಣು, ತರಕಾರಿ, ಹೂ, ಸಾಂಬಾರ ಮತ್ತು ಔಷಧಿ ಬೆಳೆಗಳಿಗೆ ಇಲ್ಲಿ ಬೇರೆ ಬೇರೆ ವಿಭಾಗಗಳಿವೆ.

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ ಓದಿದವರಿಗೆ ಮೂರನೆಯ ಬಾಗಿಲು, ಅಂದರೆ ಎಂ.ಎಸ್ಸಿ. ಸಸ್ಯಶಾಸ್ತ್ರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ಈ ಭಾಗದವರಿಗೆ ಬಹಳ ಕಾಲದಿಂದ ಪರಿಚಿತ. ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇದೆ. ಸಸ್ಯಶಾಸ್ತ್ರದವರು ಕೃಷಿಯ ಎಂ.ಎಸ್ಸಿ.ಗೆ ಅರ್ಜಿ ಹಾಕಿ ಅರ್ಹತೆಯಿಲ್ಲವೆಂದು ತಿರಸ್ಕೃತರಾಗುವುದು ಪ್ರತಿ ವರ್ಷ ನಡೆಯುತ್ತದೆ. ಶುಲ್ಕ ಕಟ್ಟುವ ಮೊದಲು ಪ್ರಕಟಣೆಯಲ್ಲಿ ಅರ್ಹತಾ ಪದವಿಯ ಕಾಲಂ ಓದಿ. ಅಲ್ಲಿ ನಿಮ್ಮ ಪದವಿಯ ಹೆಸರು ಇದ್ದಹಾಗೇ ಕಾಣಿಸಬೇಕು.

ಕೃಷಿ, ತೋಟಗಾರಿಕೆ ಸೀಟುಗಳಲ್ಲಿ ಒಂದು ಪಾಲು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಪರೀಕ್ಷೆಯ ಮೂಲಕ ತುಂಬುತ್ತದೆ, ಉಳಿದದ್ದು ರಾಜ್ಯದ ಪಾಲು. ಅಖಿಲ ಭಾರತ ಪರೀಕ್ಷೆಯಲ್ಲಿ 'ಪ್ಲಾಂಟ್ ಸೈನ್ಸಸ್' ಎಂಬುದು ಒಂದು ಗುಂಪಿನ ಹೆಸರು. ತಳಿ ಅಭಿವೃದ್ಧಿ, ಸಸ್ಯರೋಗಶಾಸ್ತ್ರ, ಬೀಜ ವಿಜ್ಞಾನ, ಕೃಷಿ ಸೂಕ್ಷ್ಮಜೀವಿಶಾಸ್ತ್ರ ಅದರೊಳಗಿವೆ. ಕೀಟಶಾಸ್ತ್ರ, ಬೇಸಾಯಶಾಸ್ತ್ರ, ತೋಟಗಾರಿಕೆಗಳು ಬೇರೆ ಗುಂಪುಗಳು. ಗುಂಪು ತಪ್ಪಾಗಿ ಆರಿಸಿದರೆ ಎಷ್ಟೇ ಒಳ್ಳೆಯ ರ‍್ಯಾಂಕ್ ಬಂದರೂ ಬೇಕಾದ ವಿಭಾಗಕ್ಕೆ ಅದು ನಡೆಯುವುದಿಲ್ಲ. ಸರಿ ಉತ್ತರಕ್ಕೆ 4 ಅಂಕ, ತಪ್ಪು ಉತ್ತರಕ್ಕೆ 1 ಕಡಿತ ಎಂಬುದನ್ನೂ ನೆನಪಿಡಿ.

ಕೃಷಿ ವಿಶ್ವವಿದ್ಯಾಲಯಗಳ ಎಂ.ಎಸ್ಸಿ.ಗೆ ಪರಿಷತ್ತಿನ ಚೌಕಟ್ಟಿನ ಪ್ರಕಾರ ಒಟ್ಟು 70 ಕ್ರೆಡಿಟ್. ಮುಖ್ಯ ವಿಷಯಕ್ಕೆ 20, ಉಪ ವಿಷಯಕ್ಕೆ 8, ಪೂರಕ ವಿಷಯಕ್ಕೆ 6, ಎಲ್ಲರಿಗೂ ಸಾಮಾನ್ಯವಾದ ಕೋರ್ಸುಗಳಿಗೆ 5, ಸೆಮಿನಾರಿಗೆ 1, ಸಂಶೋಧನೆಗೆ 30. ಕೊನೆಯ ಅಂಕಿ ನೋಡಿ. ಪದವಿಯ ಅರ್ಧಕ್ಕೆ ಸಮೀಪದ ಭಾಗ ಹೊಲ ಮತ್ತು ಪ್ರಯೋಗಾಲಯದಲ್ಲೇ ಇದೆ. ಪೂರಕ ವಿಷಯ ಸಾಮಾನ್ಯವಾಗಿ ಸಂಖ್ಯಾಶಾಸ್ತ್ರ. ಅದನ್ನು ಬರೀ ಪಾಸಾಗಲು ಓದಿದವರು ಎರಡನೇ ವರ್ಷದಲ್ಲಿ ಒದ್ದಾಡುತ್ತಾರೆ.

ವಿಷಯ ಆರಿಸುವ ಮುನ್ನ ಹಂಗಾಮು ಎಣಿಸಿ

ಬೆಳೆಯ ಅವಧಿ ಎಷ್ಟು ಎಂಬ ಸರಳ ಪ್ರಶ್ನೆಯೇ ಅರ್ಧ ವಿಷಯಗಳನ್ನು ಪಟ್ಟಿಯಿಂದ ಹೊರಗೆ ಹಾಕುತ್ತದೆ. ಬೆಳಗಾವಿ, ಬಾಗಲಕೋಟೆಯ ಕಬ್ಬು ತೆಗೆದುಕೊಳ್ಳಿ. ಜುಲೈ-ಆಗಸ್ಟ್‌ನಲ್ಲಿ ನಾಟಿ ಮಾಡುವ ಅಡಸಾಲಿ ಕಬ್ಬಿಗೆ 16ರಿಂದ 18 ತಿಂಗಳು. ಎಂ.ಎಸ್ಸಿ.ಯಲ್ಲಿ ಅದರ ಇಳುವರಿ ಅಳೆಯಲು ಹೊರಟವರು ಕಟಾವಿಗೆ ಮೊದಲೇ ಅವಧಿ ಮುಗಿಸಿಕೊಳ್ಳುತ್ತಾರೆ. ಅದೇ ಕಬ್ಬಿನಲ್ಲಿ ಒಂದು ಕಣ್ಣಿನ ತುಂಡಿನ ಬೀಜೋಪಚಾರ, ಮೊಳಕೆ, 90 ದಿನದವರೆಗಿನ ಮರಿ ಎಣಿಕೆ ಎಂದರೆ ಆರು ತಿಂಗಳಲ್ಲಿ ಮುಗಿಯುತ್ತದೆ. ಕೂಳೆ ಬೆಳೆಯ ಮೇಲಿನ ಪ್ರಶ್ನೆಯಾದರೆ ಯಾರೋ ಈಗಾಗಲೇ ಬೆಳೆದ ಹೊಲದಲ್ಲಿ ಶುರುಮಾಡಬಹುದು. ಪ್ರಶ್ನೆಯನ್ನು ಹೀಗೆ ಅವಧಿಗೆ ತಕ್ಕಂತೆ ಕತ್ತರಿಸಿಕೊಳ್ಳಬೇಕು.

ತೊಗರಿ ಜೂನ್‌ನಲ್ಲಿ ಬಿತ್ತಿ ಡಿಸೆಂಬರ್-ಜನವರಿಗೆ ಬರುತ್ತದೆ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಬಿತ್ತಬಹುದಾದ್ದರಿಂದ ಹಿಂಗಾರಿ ಜೋಳಕ್ಕಿಂತ ಎರಡು-ಮೂರು ತಿಂಗಳು ಹೆಚ್ಚು ಸಿಗುತ್ತದೆ. ಕಡಲೆ, ಕುಸುಬೆ ಮತ್ತೆ ಹಿಂಗಾರಿಯವೇ. ಪ್ರಯೋಗಾಲಯ, ಕುಂಡ, ನೆರಳುಮನೆಯ ಕೆಲಸಕ್ಕೆ ಹಂಗಾಮಿನ ಹಂಗು ಕಡಿಮೆ. ಆದ್ದರಿಂದ ಒಂದು ಹೊಲದ ಪ್ರಯೋಗದ ಜೊತೆಗೆ ಒಂದು ಕುಂಡದ ಅಥವಾ ಪ್ರಯೋಗಾಲಯದ ಭಾಗ ಇರುವಂತೆ ಸಿನಾಪ್ಸಿಸ್ (ಸಂಶೋಧನೆಯ ಯೋಜನೆ) ಬರೆಯುವುದು ಜಾಣತನ. ಹೊಲ ಕೈಕೊಟ್ಟರೂ ಥೀಸಿಸ್‌ಗೆ ಒಂದು ಅಧ್ಯಾಯ ಉಳಿಯುತ್ತದೆ.

ಹಣ್ಣಿನ ಬೆಳೆಗಳಲ್ಲಿ ಗಿಡ ಮೊದಲೇ ಇರುತ್ತದೆ, ಆದರೆ ಬಹಾರ (ಹೂ ಬಿಡುವ ಹಂಗಾಮು) ನಿಮ್ಮ ಕ್ಯಾಲೆಂಡರಿಗೆ ಕಾಯುವುದಿಲ್ಲ. ದಾಳಿಂಬೆಗೆ ಅಂಬೆ ಬಹಾರ ಜನವರಿ-ಫೆಬ್ರವರಿ, ಮೃಗ ಬಹಾರ ಜೂನ್-ಜುಲೈ, ಹಸ್ತ ಬಹಾರ ಸೆಪ್ಟೆಂಬರ್-ಅಕ್ಟೋಬರ್. ದುಂಡಾಣು ಅಂಗಮಾರಿಗೆ ಔಷಧ ಪರೀಕ್ಷೆ ಮಾಡುವ ವಿದ್ಯಾರ್ಥಿ ಹಸ್ತ ಬಹಾರ ಆರಿಸಿದರೆ ಏನಾಗುತ್ತದೆ? ಮಳೆ ಹಿಂದೆ ಸರಿದಿರುತ್ತದೆ, ಕಾಯಿ ಬೆಳೆಯುವುದು ಒಣ ಹವೆಯಲ್ಲಿ, ಹೀಗಾಗಿ ಏನೂ ಸಿಂಪಡಿಸದ ಗಿಡದಲ್ಲೂ ರೋಗ ಅಷ್ಟಾಗಿ ಕಾಣುವುದಿಲ್ಲ. ಕಂಟ್ರೋಲ್ ಗಿಡದಲ್ಲೇ ರೋಗ ಇಲ್ಲದಿದ್ದರೆ ಔಷಧ ಕೆಲಸ ಮಾಡಿತೋ ಇಲ್ಲವೋ ಹೇಳಲು ಬರುವುದಿಲ್ಲ. ರೈತನಿಗೆ ಹಸ್ತ ಬಹಾರ ಒಳ್ಳೆಯದು ಎನ್ನುವುದಕ್ಕೆ ಕಾರಣ ಯಾವುದೋ, ರೋಗಶಾಸ್ತ್ರದ ವಿದ್ಯಾರ್ಥಿಗೆ ಮೃಗ ಬಹಾರ ಬೇಕು ಎನ್ನುವುದಕ್ಕೂ ಕಾರಣ ಅದೇ. ದ್ರಾಕ್ಷಿಯಲ್ಲೂ ಹೀಗೆಯೇ. ಏಪ್ರಿಲ್ ಚಾಟ್ನಿಯ (ಕಡ್ಡಿ ಸವರುವುದು) ನಂತರ ಕಡ್ಡಿಯೊಳಗೆ ಹೂಗೊಂಚಲಿನ ಮೊಗ್ಗು ರೂಪುಗೊಳ್ಳುತ್ತದೆ, ಅಕ್ಟೋಬರ್ ಚಾಟ್ನಿಯ ನಂತರ ಗೊಂಚಲು ಹೊರಬರುತ್ತದೆ. ಇಳುವರಿಯ ಮೇಲೆ ಪರಿಣಾಮ ನೋಡುವ ಉಪಚಾರವನ್ನು ಅಕ್ಟೋಬರ್‌ನಲ್ಲಿ ಶುರುಮಾಡಿದರೆ ಗೊಂಚಲಿನ ಸಂಖ್ಯೆ ಬದಲಾಗುವ ಕಾಲ ಆಗಲೇ ದಾಟಿರುತ್ತದೆ.

ತಳಿ ಅಭಿವೃದ್ಧಿಗೆ ಬರುವವರು ಹೊಸ ತಳಿ ಬಿಡುಗಡೆ ಮಾಡುವ ಕನಸು ಹೊತ್ತು ಬರುತ್ತಾರೆ. ಕನಸು ಒಳ್ಳೆಯದೇ. ಆದರೆ ಒಂದು ಸಂಕರಣದಿಂದ ಸ್ಥಿರ ಸಾಲು ಬರಲು ಆರೇಳು ಪೀಳಿಗೆ ಬೇಕು. ಎಂ.ಎಸ್ಸಿ.ಯಲ್ಲಿ ಮಾಡಬಹುದಾದದ್ದು ವಿಭಾಗದಲ್ಲಿ ಆಗಲೇ ಇರುವ ಎರಡನೇ-ಮೂರನೇ ಪೀಳಿಗೆಯನ್ನು ಅಥವಾ ತಳಿ ಸಂಗ್ರಹದ ಸಾಲುಗಳನ್ನು ಅಳೆಯುವುದು, ಇಲ್ಲವೇ ಬೇಸಿಗೆಯಲ್ಲಿ ನೀರಾವರಿಯಲ್ಲಿ ಸಂಕರಣ ಮಾಡಿ ಹಿಂಗಾರಿಯಲ್ಲಿ ಆ ಸಂಕರಗಳನ್ನು ಬಿತ್ತುವುದು. 4 ತಾಯಿ ಸಾಲು, 3 ಪರೀಕ್ಷಕ (ಗಂಡು) ಸಾಲು ಇಟ್ಟುಕೊಂಡರೆ 12 ಸಂಕರ, 7 ಪೋಷಕ, 1 ಹೋಲಿಕೆ ತಳಿ, ಒಟ್ಟು 20. ಒಬ್ಬ ವಿದ್ಯಾರ್ಥಿ ನಿಭಾಯಿಸುವ ಗಾತ್ರ ಅದು. ಬೇಸಿಗೆ ಸಂಕರಣದಲ್ಲಿ ಕೆಡುವುದು ಹೂವಿನ ಹೊಂದಾಣಿಕೆ. ಹಿಂಗಾರಿಯಲ್ಲಿ ಒಟ್ಟಿಗೆ ಹೂ ಬಿಡುವ ಎರಡು ಸಾಲುಗಳು ಬೇಸಿಗೆಯಲ್ಲಿ ಒಟ್ಟಿಗೆ ಬಿಡುತ್ತವೆ ಎಂಬ ಖಾತ್ರಿ ಇಲ್ಲ. ಅದಕ್ಕೇ ಗಂಡು ಸಾಲನ್ನು 7ರಿಂದ 10 ದಿನದ ಅಂತರದಲ್ಲಿ ಎರಡು-ಮೂರು ಸಲ ಬಿತ್ತುತ್ತಾರೆ.

ಜೋಳದ ಸಂಕರಣದ ಕೈಕೆಲಸವನ್ನೂ ಇಲ್ಲೇ ಹೇಳಿಬಿಡಬೇಕು. ತೆನೆ ತುದಿಯಿಂದ ಕೆಳಕ್ಕೆ ಅರಳುತ್ತಾ ಬರುತ್ತದೆ. ಹೂ ಬಿಚ್ಚುವುದು ನಡುರಾತ್ರಿಯ ನಂತರ, ನಸುಕಿನವರೆಗೆ. ಅರಳಿದ ಭಾಗವನ್ನು ಕತ್ತರಿಸಿ ತೆಗೆದು, ಅದರ ಕೆಳಗೆ ಮರುದಿನ ಅರಳಲಿರುವ ಹೂಗಳನ್ನು ಹಿಂದಿನ ದಿನ ಮಧ್ಯಾಹ್ನದ ಮೇಲೆ ಆರಿಸಿಕೊಳ್ಳಬೇಕು. ತೊಟ್ಟಿಲ್ಲದ ಹೂವಿನಲ್ಲಿ 3 ಪರಾಗಕೋಶ ಇರುತ್ತವೆ. ಸೂಜಿಯಿಂದ ಮೂರನ್ನೂ ಒಡೆಯದಂತೆ ತೆಗೆದು, ಉಳಿದ ಹೂಗಳನ್ನೆಲ್ಲ ಕತ್ತರಿಸಿ ಕಾಗದದ ಚೀಲ ಹಾಕುವುದು. ಒಂದು ಪರಾಗಕೋಶ ಒಡೆದರೆ ಆ ಹೂವನ್ನೇ ಕಿತ್ತುಹಾಕಿ, ಸೂಜಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ. ಇಲ್ಲವಾದರೆ ಸಂಕರವೆಂದು ಬಿತ್ತಿದ್ದು ತಾಯಿಯ ಸ್ವಂತ ಬೀಜವಾಗಿರುತ್ತದೆ. ಇದು ಗೊತ್ತಾಗುವುದು ಮುಂದಿನ ಹಂಗಾಮಿನಲ್ಲಿ, ಆಗ ತಿದ್ದಲು ಸಮಯವೇ ಇರುವುದಿಲ್ಲ. ಶಲಾಕಾಗ್ರ (ಹೂವಿನ ಹೆಣ್ಣು ಭಾಗದ ತುದಿ) ಹಲವು ದಿನ ಪರಾಗ ಹಿಡಿಯಬಲ್ಲದು, ಪರಾಗಕ್ಕೆ ಮಾತ್ರ ಕೆಲವೇ ಗಂಟೆಯ ಜೀವ. ಆದ್ದರಿಂದ ಬೆಳಗಿನ ಹೊತ್ತು ಏರುವ ಮೊದಲು ಪರಾಗ ಉದುರಿಸಿ ಮುಗಿಸಬೇಕು.

ಹೊಲ ಅಳೆಯುವ ದಿನ

ಥೀಸಿಸ್‌ನ ಹಣೆಬರಹ ತೀರ್ಮಾನವಾಗುವುದು ಬಿತ್ತನೆಗೆ ಮುಂಚಿನ ಎರಡು ದಿನಗಳಲ್ಲಿ. ಮೊದಲು ಎಷ್ಟು ಉಪಚಾರ (ಹೋಲಿಸಿ ನೋಡುವ ಗೊಬ್ಬರ, ಔಷಧ, ತಳಿಯಂಥವು), ಎಷ್ಟು ಪುನರಾವರ್ತನೆ (ಪ್ರತಿ ಉಪಚಾರಕ್ಕೆ ಎಷ್ಟು ಪ್ಲಾಟ್) ಎಂಬ ಲೆಕ್ಕ. ರ‍್ಯಾಂಡಮೈಸ್ಡ್ ಬ್ಲಾಕ್ ವಿನ್ಯಾಸದಲ್ಲಿ, ಅಂದರೆ ಹೊಲವನ್ನು ಬ್ಲಾಕ್ ಮಾಡಿ ಪ್ರತಿ ಬ್ಲಾಕಿನಲ್ಲೂ ಎಲ್ಲ ಉಪಚಾರಗಳನ್ನು ಚೀಟಿ ಎತ್ತಿ ಹಾಕುವಾಗ, ಉಪಚಾರಗಳ ಸಂಖ್ಯೆಯಿಂದ 1 ಕಳೆಯಿರಿ, ಪುನರಾವರ್ತನೆಗಳ ಸಂಖ್ಯೆಯಿಂದ 1 ಕಳೆಯಿರಿ, ಎರಡನ್ನೂ ಗುಣಿಸಿ. ಬಂದದ್ದು ದೋಷದ ಸ್ವತಂತ್ರಾಂಶ (ಎರರ್ ಡಿಗ್ರೀಸ್ ಆಫ್ ಫ್ರೀಡಂ). ಅದು 12ಕ್ಕಿಂತ ಕಡಿಮೆ ಇರಬಾರದು ಎಂಬುದು ರೂಢಿಯ ನಿಯಮ. 6 ಉಪಚಾರ, 3 ಪುನರಾವರ್ತನೆ ಎಂದರೆ 5×2=10, ಸಾಲದು. 4 ಪುನರಾವರ್ತನೆ ಮಾಡಿದರೆ 15. 7 ಉಪಚಾರಕ್ಕೆ 3 ಪುನರಾವರ್ತನೆಯೇ ಸಾಕು, 6×2=12. ಈ ಅಂಶ ಕಡಿಮೆಯಾದಷ್ಟೂ ನಿಜವಾದ ವ್ಯತ್ಯಾಸ ಇದ್ದರೂ ಲೆಕ್ಕ ಅದನ್ನು ಹಿಡಿಯುವುದಿಲ್ಲ.

ಈಗ ಪ್ಲಾಟ್. ಜೋಳವನ್ನು 45 ಸೆಂ.ಮೀ. ಸಾಲು, 15 ಸೆಂ.ಮೀ. ಗಿಡದ ಅಂತರದಲ್ಲಿ ಬಿತ್ತುವುದಾದರೆ 3.6 ಮೀಟರ್ ಅಗಲದಲ್ಲಿ 8 ಸಾಲು. ಉದ್ದ 4.5 ಮೀಟರ್ ಇಟ್ಟರೆ ಒಟ್ಟು ಪ್ಲಾಟ್ 16.2 ಚದರ ಮೀಟರ್. ಅಂಚಿನ ಗಿಡಕ್ಕೆ ಬಿಸಿಲು, ನೀರು, ಜಾಗ ಹೆಚ್ಚು ಸಿಗುವುದರಿಂದ ಅದರ ತೆನೆ ದೊಡ್ಡದು. ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಎರಡೂ ಬದಿಯಲ್ಲಿ ಒಂದೊಂದು ಸಾಲು, ಸಾಲಿನ ಎರಡೂ ತುದಿಯಲ್ಲಿ ಎರಡೆರಡು ಗಿಡ ಬಿಟ್ಟರೆ ಉಳಿಯುವ ನಿವ್ವಳ ಪ್ಲಾಟ್ 2.7×3.9, ಅಂದರೆ 10.53 ಚದರ ಮೀಟರ್. ಇದರಲ್ಲಿ 156 ಗಿಡ. ಈ ಪ್ಲಾಟಿನಲ್ಲಿ 2.1 ಕಿಲೊ ಕಾಳು ಬಂದರೆ ಹೆಕ್ಟೇರಿಗೆ ಸುಮಾರು 1,994 ಕಿಲೊ.

ಎಷ್ಟೋ ಜನ ಎಡವುವ ಜಾಗ ಇದು: ಗೊಬ್ಬರವನ್ನು ಒಟ್ಟು ಪ್ಲಾಟಿನ ಲೆಕ್ಕದಲ್ಲಿ ಹಾಕಬೇಕು, ಇಳುವರಿಯನ್ನು ನಿವ್ವಳ ಪ್ಲಾಟಿನ ಲೆಕ್ಕದಲ್ಲಿ ತೆಗೆಯಬೇಕು. ಹೆಕ್ಟೇರಿಗೆ 50 ಕಿಲೊ ಸಾರಜನಕ ಎಂದರೆ 16.2 ಚದರ ಮೀಟರಿಗೆ 81 ಗ್ರಾಂ. ಯೂರಿಯಾದಲ್ಲಿ ಶೇ. 46 ಸಾರಜನಕ ಇರುವುದರಿಂದ 176 ಗ್ರಾಂ ಯೂರಿಯಾ. ತಪ್ಪಿ ನಿವ್ವಳ ಪ್ಲಾಟಿನ ಲೆಕ್ಕ ಹಿಡಿದರೆ 114 ಗ್ರಾಂ ಬರುತ್ತದೆ. ಗೊಬ್ಬರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡಿಮೆ ಬಿದ್ದು, ಪ್ರಯೋಗದ ಹೆಸರೊಂದು, ಹೊಲದಲ್ಲಿ ನಡೆದದ್ದೇ ಇನ್ನೊಂದು ಆಗುತ್ತದೆ. ಪ್ರತಿ ಪ್ಲಾಟಿನ ಗೊಬ್ಬರವನ್ನು ಹಿಂದಿನ ದಿನವೇ ತೂಗಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೆ ಪ್ಲಾಟ್ ಸಂಖ್ಯೆ ಬರೆದಿಡಿ. ಬಿತ್ತುವ ದಿನ ಹೊಲದಲ್ಲಿ ತೂಗಲು ಕೂತರೆ ಗಾಳಿಗೆ ತಕ್ಕಡಿ ನಿಲ್ಲುವುದಿಲ್ಲ, ಕೂಲಿಯವರು ಕಾಯುವುದಿಲ್ಲ.

7 ಉಪಚಾರ, 3 ಬ್ಲಾಕ್ ಎಂದರೆ 21 ಪ್ಲಾಟ್. ಅವಕ್ಕೆ ಪ್ಲಾಟ್ ನಡುವೆ ಅರ್ಧ ಮೀಟರ್, ಬ್ಲಾಕ್ ನಡುವೆ 1 ಮೀಟರ್ ದಾರಿ ಬಿಟ್ಟರೆ 28.2×15.5 ಮೀಟರ್, ಸುಮಾರು ನಾಲ್ಕೂಕಾಲು ಗುಂಟೆ. ಸುತ್ತ ಅಂಚಿನ ಸಾಲುಗಳನ್ನೂ ಸೇರಿಸಿ ಐದು ಗುಂಟೆ ಕೇಳಿ. ಆ ಐದು ಗುಂಟೆ ನೋಡಲು ಸಪಾಟಾಗಿ ಕಾಣುತ್ತದೆ. ಒಳಗೆ ಹಾಗಿರುವುದಿಲ್ಲ. ನಮ್ಮ ಎರೆ ಹೊಲಗಳಲ್ಲಿ ಮಣ್ಣಿನ ಆಳ ಮೂವತ್ತು ಮೀಟರಿನೊಳಗೇ ಬದಲಾಗುತ್ತದೆ: ಮೇಲಿನ ಬದುವಿನ ಹತ್ತಿರ ಕುಂಟೆಗೆ ಗರಸು ತಾಗುವಷ್ಟು ತೆಳುವು, ಕೆಳಗಿನ ಒಡ್ಡಿನ ಹತ್ತಿರ ಒಂದು ಮೀಟರಿಗೂ ಹೆಚ್ಚು. ಮಳೆಯಾಶ್ರಿತ ಹಿಂಗಾರಿ ಬೆಳೆ ಬದುಕುವುದೇ ಮಣ್ಣಿನಲ್ಲಿ ಉಳಿದ ತೇವದ ಮೇಲೆ, ಹಾಗಾಗಿ ಈ ಆಳದ ವ್ಯತ್ಯಾಸ ಗೊಬ್ಬರದ ವ್ಯತ್ಯಾಸವನ್ನು ಮುಚ್ಚಿಹಾಕಬಲ್ಲದು. ಆಗರ್ (ಮಣ್ಣು ಕೊರೆಯುವ ಸಲಕರಣೆ) ತೆಗೆದುಕೊಂಡು ಆರೇಳು ಕಡೆ ಕೊರೆದು ಆಳ ಬರೆದಿಟ್ಟುಕೊಳ್ಳಿ. ನಂತರ ಬ್ಲಾಕ್‌ಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಿ: ಮೇಲಿನ ತೆಳು ಮಣ್ಣು ಒಂದು ಬ್ಲಾಕ್, ನಡುವಿನದು ಇನ್ನೊಂದು, ಕೆಳಗಿನದು ಮತ್ತೊಂದು. ಒಂದೇ ಬ್ಲಾಕ್‌ನೊಳಗಿನ ಏಳೂ ಪ್ಲಾಟ್‌ಗಳು ಒಂದೇ ಬಗೆಯ ಮಣ್ಣಿನಲ್ಲಿರಬೇಕು. ಬ್ಲಾಕ್ ಎಂಬುದು ಇರುವುದೇ ಅದಕ್ಕೆ. ಕೂರಿಗೆ ಹೊಡೆಯಲು ಸುಲಭವೆಂದು ಬ್ಲಾಕ್‌ಗಳನ್ನು ಮೇಲಿನಿಂದ ಕೆಳಕ್ಕೆ ಉದ್ದುದ್ದ ಹಾಕಿದರೆ, ಮಣ್ಣಿನ ವ್ಯತ್ಯಾಸವೆಲ್ಲ ಬ್ಲಾಕ್‌ನೊಳಗೆ ಸೇರಿ ದೋಷವಾಗಿ ಕೂರುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು ಆಮೇಲೆ ಬೇರ್ಪಡಿಸಿ ಕೊಡದು.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಕಾಲುವೆ ನೀರಿನ ಹೊಲಗಳಲ್ಲಿ ಬೇರೆ ತೊಂದರೆ, ಸವಳು-ಜವಳು. ಹತ್ತು ಹೆಜ್ಜೆಗೆ ಮಣ್ಣಿನ ಉಪ್ಪು ಬದಲಾಗುತ್ತದೆ. ಅಲ್ಲಿ ಪ್ರಯೋಗ ಹಾಕುವುದಾದರೆ ಬಿತ್ತನೆಗೆ ಮುಂಚೆ ಪ್ರತಿ ಪ್ಲಾಟಿನ ಮಣ್ಣನ್ನೂ ಬೇರೆ ಬೇರೆಯಾಗಿ ತೆಗೆದು ಪಿ.ಎಚ್. ಮತ್ತು ವಿದ್ಯುತ್ ವಾಹಕತೆ ನೋಡಿಸಿ. ಇಡೀ ಹೊಲಕ್ಕೆ ಒಂದು ಕಲಸಿದ ಮಾದರಿ ಸಾಲದು.

ಬಿತ್ತಿದ ಮೇಲೆ ಪ್ರತಿ ಪ್ಲಾಟಿನಲ್ಲಿ 5 ಗಿಡಕ್ಕೆ ಗುರುತು ಕಟ್ಟಿ ಎತ್ತರ, ಎಲೆ, ತೆನೆ ಅಳೆಯುವುದು ರೂಢಿ. ಆ ಐದು ಗಿಡ ಐದು ಪುನರಾವರ್ತನೆ ಅಲ್ಲ. ಅವುಗಳ ಸರಾಸರಿ ಒಂದೇ ಸಂಖ್ಯೆ, ಏಕೆಂದರೆ ಉಪಚಾರ ಕೊಟ್ಟದ್ದು ಪ್ಲಾಟಿಗೆ, ಗಿಡಕ್ಕಲ್ಲ. ಗಿಡಗಳನ್ನೇ ಪುನರಾವರ್ತನೆ ಎಂದು ಲೆಕ್ಕ ಹಾಕಿದರೆ ಎಲ್ಲ ವ್ಯತ್ಯಾಸಗಳೂ ಅರ್ಥಪೂರ್ಣವಾಗಿ ಕಾಣುತ್ತವೆ. ವೈವಾದಲ್ಲಿ (ಕೊನೆಯ ಮೌಖಿಕ ಪರೀಕ್ಷೆಯಲ್ಲಿ) ಹೊರಗಿನ ಪರೀಕ್ಷಕರು ಮೊದಲು ಕೈ ಇಡುವುದು ಅಲ್ಲೇ. ಗುರುತಿನ ಗಿಡವನ್ನು ಚೆನ್ನಾಗಿರುವುದನ್ನು ನೋಡಿ ಆರಿಸುವುದೂ ತಪ್ಪು. ಮೂರನೇ ಸಾಲಿನ ಐದನೇ ಗಿಡ, ಐದನೇ ಸಾಲಿನ ಹನ್ನೆರಡನೇ ಗಿಡ ಎಂಬಂತೆ ಹೊಲಕ್ಕೆ ಹೋಗುವ ಮೊದಲೇ ಚೀಟಿ ಎತ್ತಿ ಬರೆದುಕೊಂಡು ಹೋಗಿ.

ರೋಗಶಾಸ್ತ್ರದಲ್ಲಿ ರೋಗ ತರಿಸುವುದೇ ಮೊದಲ ಕೆಲಸ

ರೈತ ರೋಗ ಬರದಿರಲಿ ಎಂದು ಬೇಡುತ್ತಾನೆ, ರೋಗಶಾಸ್ತ್ರದ ವಿದ್ಯಾರ್ಥಿಗೆ ರೋಗ ಬಾರದಿದ್ದರೆ ಥೀಸಿಸ್ಸೇ ಇಲ್ಲ. ತೊಗರಿಯ ಗೊಡ್ಡು ರೋಗವನ್ನು ಹರಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ. ನುಸಿ ಬರುತ್ತದೆಂದು ಕಾಯುತ್ತ ಕೂರದೆ, ರೋಗದ ಗಿಡದ ಎಲೆ ತಂದು 10-12 ದಿನದ ಸಸಿಯ ಎರಡು ಎಲೆಗಳಿಗೆ ಸ್ಟೇಪ್ಲರಿನಿಂದ ಹೊಲಿಯುತ್ತಾರೆ. ಎಲೆ ಒಣಗುತ್ತಿದ್ದಂತೆ ನುಸಿ ಹಸಿ ಎಲೆಗೆ ದಾಟುತ್ತದೆ. ಸಸಿ ದೊಡ್ಡದಾದ ಮೇಲೆ ಮಾಡಿದರೆ ಸೋಂಕು ಕಡಿಮೆ ಹಿಡಿಯುತ್ತದೆ. ಹೋಲಿಕೆಗೆ ರೋಗಕ್ಕೆ ಬಲಿಯಾಗುವ ತಳಿಯ ಸಾಲನ್ನು ನಡುನಡುವೆ ಬಿತ್ತಬೇಕು. ಇಲ್ಲೊಂದು ಸೂಕ್ಷ್ಮ ಇದೆ: ಮಾರುತಿ ತಳಿ ನೆಟೆ ರೋಗವನ್ನು (ಗಿಡ ಸೊರಗಿ ಒಣಗುವುದು) ತಡೆಯುತ್ತದೆ, ಗೊಡ್ಡು ರೋಗಕ್ಕೆ ಬೀಳುತ್ತದೆ. ಒಂದಕ್ಕೆ ಬಲಿಯಾಗುವ ತಳಿಯೆಂದು ಬಿತ್ತಿದ್ದು ಇನ್ನೊಂದಕ್ಕೆ ತಡೆಯುವ ತಳಿ. ಎರಡೂ ರೋಗ ನೋಡುವ ಪ್ರಯೋಗದಲ್ಲಿ ಒಂದೇ ಹೋಲಿಕೆ ಸಾಲು ಸಾಕೆಂದು ಕೂತರೆ ಅರ್ಧ ಫಲಿತಾಂಶಕ್ಕೆ ಆಧಾರವೇ ಇರುವುದಿಲ್ಲ.

ಹಿಂಗಾರಿ ಜೋಳದ ಬುಡ ಕಪ್ಪಾಗಿ ಕಾಂಡ ಟೊಳ್ಳಾಗುವ ಇದ್ದಿಲು ಕೊಳೆಗೆ ಹಲ್ಲುಕಡ್ಡಿಯ ವಿಧಾನ ಇದೆ. ಶಿಲೀಂಧ್ರ ಬೆಳೆಸಿದ ಹಲ್ಲುಕಡ್ಡಿಯನ್ನು ಹೂ ಬಿಟ್ಟು 10-15 ದಿನದ ನಂತರ ನೆಲದಿಂದ ಎರಡನೇ ಗೆಣ್ಣಿನ ನಡುವೆ ಚುಚ್ಚಿ, ಮಾಗಿದಾಗ ಕಾಂಡ ಸೀಳಿ ಎಷ್ಟು ಗೆಣ್ಣು ದಾಟಿದೆ, ಎಷ್ಟು ಸೆಂ.ಮೀ. ಹಬ್ಬಿದೆ ಎಂದು ಅಳೆಯುವುದು. ಆದರೆ ಈ ರೋಗ ಎದ್ದು ಕಾಣುವುದು ಹೂ ಬಿಟ್ಟ ಮೇಲೆ ಗಿಡಕ್ಕೆ ನೀರಿನ ಬರ ಬಿದ್ದಾಗ. ಆ ಹೊತ್ತಿನಲ್ಲಿ ಅಕಾಲ ಮಳೆ ಬಂದರೆ, ಅಥವಾ ಪಕ್ಕದ ಪ್ಲಾಟಿನ ನೀರು ಹರಿದರೆ, ಎಲ್ಲ ಸಾಲುಗಳೂ ತಡೆಯುವ ತಳಿಗಳಂತೆ ಕಾಣುತ್ತವೆ. 0-15, 15-30, 30-60 ಸೆಂ.ಮೀ. ಆಳದ ಮಣ್ಣು ತೆಗೆದು, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೇವ ದಾಖಲಿಸಿದ್ದರೆ, ರೋಗ ಏಕೆ ಬರಲಿಲ್ಲ ಎಂಬುದಕ್ಕಾದರೂ ಉತ್ತರ ಇರುತ್ತದೆ.

ದಾಳಿಂಬೆ ಅಂಗಮಾರಿಯ ದುಂಡಾಣುವನ್ನು ಬೇರ್ಪಡಿಸುವಾಗ ಮೊದಲು ಎಲೆಯ ಚುಕ್ಕೆಯ ಅಂಚನ್ನು ಕತ್ತರಿಸಿ ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಹೊಗೆಯಂತೆ ಹರಿದುಬಂದರೆ ದುಂಡಾಣು. ಬರದಿದ್ದರೆ ಅದು ಶಿಲೀಂಧ್ರದ ಚುಕ್ಕೆ ಇರಬಹುದು, ಮುಂದಿನ ವಾರವೆಲ್ಲ ವ್ಯರ್ಥ. ಬಂದರೆ ತುಂಡನ್ನು ಶೇ. 1ರ ಸೋಡಿಯಂ ಹೈಪೊಕ್ಲೋರೈಟ್‌ನಲ್ಲಿ ಒಂದು ನಿಮಿಷ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ಮೂರು ಸಲ ತೊಳೆದು, ನೀರಿನಲ್ಲಿ ಜಜ್ಜಿ, ನ್ಯೂಟ್ರಿಯಂಟ್ ಅಗಾರ್ ಮೇಲೆ ಎಳೆದು 28 ಡಿಗ್ರಿಯಲ್ಲಿಡುವುದು. ಈ ದುಂಡಾಣು ನಿಧಾನವಾಗಿ ಬೆಳೆಯುತ್ತದೆ, ಲೋಳೆಯಂಥ ಹಳದಿ ಗುಂಪುಗಳು ಕಾಣಲು ಮೂರು-ನಾಲ್ಕು ದಿನ ಬೇಕು. ಮರುದಿನವೇ ದಟ್ಟವಾಗಿ ಬೆಳೆದದ್ದು ಹೆಚ್ಚಾಗಿ ಬೇರೆ ಯಾವುದೋ ಸೂಕ್ಷ್ಮಜೀವಿ, ಅದನ್ನು ಹಿಡಿದು ಮುಂದುವರಿಯಬೇಡಿ. ಶಿಲೀಂಧ್ರಕ್ಕಾದರೆ ಆಲೂಗಡ್ಡೆ 200 ಗ್ರಾಂ, ಡೆಕ್ಸ್‌ಟ್ರೋಸ್ 20 ಗ್ರಾಂ, ಅಗಾರ್ 20 ಗ್ರಾಂ, ನೀರು 1 ಲೀಟರ್. 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ 20 ನಿಮಿಷ.

ರೋಗದ ತೀವ್ರತೆಯನ್ನು ಸೂಚ್ಯಂಕದಲ್ಲಿ ಹೇಳುತ್ತಾರೆ. 0ಯಿಂದ 5ರ ಮಾಪನದಲ್ಲಿ 50 ಎಲೆ ನೋಡಿದಿರಿ ಎನ್ನಿ: 10 ಎಲೆಗೆ 0, 15ಕ್ಕೆ 1, 12ಕ್ಕೆ 2, 8ಕ್ಕೆ 3, 4ಕ್ಕೆ 4, 1ಕ್ಕೆ 5. ದರ್ಜೆಗಳ ಮೊತ್ತ 84. ಅದನ್ನು 50×5=250ರಿಂದ ಭಾಗಿಸಿ 100ರಿಂದ ಗುಣಿಸಿದರೆ 33.6. ಇಂಥ ಶೇಕಡಾ ಅಂಕಿಗಳನ್ನು ವಿಶ್ಲೇಷಣೆಗೆ ಮುನ್ನ ಆರ್ಕ್‌ಸೈನ್‌ಗೆ, ಕೀಟದ ಎಣಿಕೆಯಂಥ ಸಣ್ಣ ಸಂಖ್ಯೆಗಳನ್ನು 0.5 ಕೂಡಿಸಿ ವರ್ಗಮೂಲಕ್ಕೆ ಬದಲಾಯಿಸುವುದು ವಾಡಿಕೆ. ದರ್ಜೆ ಕೊಡುವವರು ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಇರಲಿ. ಒಂದು ವಾರ ನೀವು, ಇನ್ನೊಂದು ವಾರ ಗೆಳೆಯ ಎಂದಾದರೆ ಕಣ್ಣಿನ ವ್ಯತ್ಯಾಸವೇ ರೋಗದ ವ್ಯತ್ಯಾಸವಾಗಿ ಕೂರುತ್ತದೆ.

ಸಸ್ಯಶಾಸ್ತ್ರದವರು ಕಾಡಿಗೆ ಹೋಗುವುದಾದರೆ

ಬೆಳಗಾವಿ ಜಿಲ್ಲೆಯ ಖಾನಾಪುರ, ಕಣಕುಂಬಿ ಕಡೆ ಪಶ್ಚಿಮ ಘಟ್ಟ ಇರುವುದರಿಂದ ಸಸ್ಯ ವರ್ಗೀಕರಣ, ಔಷಧಿ ಸಸ್ಯಗಳ ಮೇಲೆ ಕೆಲಸ ಮಾಡುವವರಿಗೆ ದೊಡ್ಡ ಅನುಕೂಲ. ಭೀಮಗಡ 2011ರಿಂದ ವನ್ಯಜೀವಿ ಧಾಮ. ಅಲ್ಲಿ ಎಲೆ ಕೀಳಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅನುಮತಿ ಪತ್ರ ಬರಲು ತಿಂಗಳುಗಳೇ ಹಿಡಿಯಬಹುದಾದ್ದರಿಂದ ಎರಡನೇ ಸೆಮಿಸ್ಟರಿನಲ್ಲೇ ಅರ್ಜಿ ಕೊಡಿ. ಮಳೆಗಾಲದ ಗಿಡಮೂಲಿಕೆಗಳು ಸೆಪ್ಟೆಂಬರ್ ದಾಟಿದರೆ ಹೂ ಮುಗಿಸಿರುತ್ತವೆ, ಹೂವಿಲ್ಲದ ಮಾದರಿ ಗುರುತಿಸಲು ಆಗುವುದಿಲ್ಲ. ಮಾದರಿಯನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಒತ್ತಿ, ಮಳೆಗಾಲದಲ್ಲಿ ಮೊದಲ ನಾಲ್ಕೈದು ದಿನ ದಿನವೂ ಹಾಳೆ ಬದಲಿಸಬೇಕು, ಇಲ್ಲವಾದರೆ ಬೂಸ್ಟು ಹಿಡಿಯುತ್ತದೆ. ಹೂವಿನ ಬಣ್ಣ, ವಾಸನೆ, ಹಾಲು ಬರುತ್ತದೋ ಇಲ್ಲವೋ ಎಂಬುದನ್ನು ಅಲ್ಲೇ ಬರೆದುಕೊಳ್ಳಿ, ಒಣಗಿದ ಮೇಲೆ ಇವು ಉಳಿಯುವುದಿಲ್ಲ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಸಾಂಪ್ರದಾಯಿಕ ವೈದ್ಯ ಸಂಸ್ಥೆ ಇದೆ. ಔಷಧಿ ಸಸ್ಯದ ವಿಷಯ ಆರಿಸಿದವರು ವಿಭಾಗದ ಮೂಲಕ ಅಲ್ಲಿನ ತಜ್ಞರನ್ನು ಸಂಪರ್ಕಿಸುವುದು ಒಳ್ಳೆಯದು.

ಗೈಡ್, ಸಲಹಾ ಸಮಿತಿ, ಮುಂದಿನ ಪರೀಕ್ಷೆ

ಗೈಡ್ ಆರಿಸುವ ಅವಕಾಶ ಇದ್ದರೆ ಅವರ ಹೆಸರಿಗಿಂತ ಅವರ ಹಿಂದಿನ ಮೂರು-ನಾಲ್ಕು ವಿದ್ಯಾರ್ಥಿಗಳ ಥೀಸಿಸ್ ನೋಡಿ. ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು 'ಕೃಷಿಕೋಶ' ಎಂಬ ಆನ್‌ಲೈನ್ ಭಂಡಾರದಲ್ಲಿ ಓದಲು ಸಿಗುತ್ತವೆ. ಅವು ಸಮಯಕ್ಕೆ ಮುಗಿದಿವೆಯೇ, ಹೊಲ ಎಲ್ಲಿತ್ತು, ಬೀಜ ಎಲ್ಲಿಂದ ಬಂತು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಸಮಿತಿಯಲ್ಲಿ ಸಂಖ್ಯಾಶಾಸ್ತ್ರ ತಿಳಿದವರೊಬ್ಬರು ಇರಲಿ, ಅವರಿಗೆ ನಕ್ಷೆಯನ್ನು ಬಿತ್ತನೆಗೆ ಮುಂಚೆ ತೋರಿಸಿ. ರಾಶಿ ಆದ ಮೇಲೆ ತೋರಿಸಿದರೆ ಅವರು ಮಾಡಬಹುದಾದದ್ದು ಹೆಚ್ಚಿಲ್ಲ. ವಿಜಯಪುರದಿಂದ ಸುಮಾರು ನೂರು ಕಿಲೋಮೀಟರಿನಲ್ಲಿ ಸೊಲ್ಲಾಪುರ ಇದೆ. ದಾಳಿಂಬೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರ, ಹಿಂಗಾರಿ ಜೋಳದ ಕೇಂದ್ರ ಎರಡೂ ಅಲ್ಲಿವೆ. ಗೈಡ್ ಮೂಲಕ ಒಂದು ಪತ್ರ ಬರೆದು, ಅಲ್ಲಿನ ಹೊಲಗಳನ್ನು ಒಂದು ದಿನ ನೋಡಿ ಬಂದವರ ಸಿನಾಪ್ಸಿಸ್ ಬೇರೆಯೇ ಆಗಿರುತ್ತದೆ.

ಹಣದ ವಿಷಯಕ್ಕೆ ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್.ಎಸ್.ಪಿ. (ಸ್ಟೇಟ್ ಸ್ಕಾಲರ್‌ಶಿಪ್) ಪೋರ್ಟಲಿನಲ್ಲಿ ಅರ್ಜಿ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿಯೂ ಇದೆ. ಪಿಎಚ್.ಡಿ.ಗೆ ಹೋಗುವವರು ಸಿ.ಎಸ್.ಐ.ಆರ್. ನೆಟ್ ಜೀವವಿಜ್ಞಾನ ಪರೀಕ್ಷೆ ಬರೆಯುತ್ತಾರೆ. ಅದರ ಕಿರಿಯ ಸಂಶೋಧನಾ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಯಸುವವರಿಗೆ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯ ನೆಟ್ ಬೇರೆ ಇದೆ. ಮೊದಲ ವರ್ಷದ ಕೋರ್ಸುಗಳ ಟಿಪ್ಪಣಿಯನ್ನೇ ಈ ಪರೀಕ್ಷೆಗೂ ಬರುವಂತೆ ಬರೆದುಕೊಂಡರೆ ಎರಡು ಸಲ ಓದುವುದು ತಪ್ಪುತ್ತದೆ.

ಅಂಕಿ ಓದುವುದು, ಬರೆಯುವುದು

ಏಳು ಉಪಚಾರ, ಮೂರು ಪುನರಾವರ್ತನೆಯ ಪ್ರಯೋಗದಲ್ಲಿ ದೋಷದ ಸರಾಸರಿ ವರ್ಗ (ಉಪಚಾರದಿಂದಲ್ಲದೆ ಪ್ಲಾಟಿನಿಂದ ಪ್ಲಾಟಿಗೆ ಬರುವ ಏರಿಳಿತದ ಅಳತೆ) 27,000 ಬಂತು, ಒಟ್ಟು ಸರಾಸರಿ ಇಳುವರಿ ಹೆಕ್ಟೇರಿಗೆ 1,800 ಕಿಲೊ ಎಂದಿಟ್ಟುಕೊಳ್ಳೋಣ. 27,000ದ ವರ್ಗಮೂಲ 164. ಅದನ್ನು 1,800ರಿಂದ ಭಾಗಿಸಿದರೆ ವ್ಯತ್ಯಾಸದ ಗುಣಾಂಕ ಶೇ. 9.1. ಹೊಲದ ಪ್ರಯೋಗಕ್ಕೆ ಒಳ್ಳೆಯದೇ. ಇನ್ನು ನಿರ್ಣಾಯಕ ಅಂತರ, ಅಂದರೆ ಎರಡು ಉಪಚಾರ ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ: 27,000ವನ್ನು 2ರಿಂದ ಗುಣಿಸಿ 3ರಿಂದ ಭಾಗಿಸಿ ವರ್ಗಮೂಲ ತೆಗೆದರೆ 134.2. 12 ಸ್ವತಂತ್ರಾಂಶಕ್ಕೆ ಟಿ-ಕೋಷ್ಟಕದ ಶೇ. 5ರ ಬೆಲೆ 2.179. ಗುಣಿಸಿದರೆ 292 ಕಿಲೊ. ಒಂದು ಉಪಚಾರ 1,950, ಇನ್ನೊಂದು 1,700 ಕೊಟ್ಟಿದ್ದರೆ ಅಂತರ 250, ಅಂದರೆ ಈ ಪ್ರಯೋಗ ಅವೆರಡನ್ನೂ ಬೇರೆ ಎಂದು ತೋರಿಸಿಲ್ಲ. ಅವೆರಡೂ ಸಮ ಎಂದು ಸಾಬೀತಾಯಿತು ಎಂದು ಬರೆಯುವುದೂ ತಪ್ಪು, ಮೊದಲನೆಯದು ಶ್ರೇಷ್ಠ ಎನ್ನುವುದೂ ತಪ್ಪು. ಈ ಲೆಕ್ಕವನ್ನು ಒಂದು ಸಲವಾದರೂ ಕೈಯಿಂದ ಮಾಡಿ, ಆಮೇಲೆ 'ಆರ್' ಸಾಫ್ಟ್‌ವೇರ್ ಅಥವಾ ಹಿಸಾರ್ ಕೃಷಿ ವಿಶ್ವವಿದ್ಯಾಲಯದ ಓಪಿಸ್ಟ್ಯಾಟ್ ಬಳಸಿ. ಕೈಯಿಂದ ಮಾಡಿದವರಿಗೆ ಸಾಫ್ಟ್‌ವೇರ್ ತಪ್ಪು ಕಾಲಂ ತೆಗೆದುಕೊಂಡಾಗ ತಕ್ಷಣ ಗೊತ್ತಾಗುತ್ತದೆ.

ಬರೆಯುವ ಕೆಲಸವನ್ನು ರಾಶಿಯವರೆಗೆ ಮುಂದೂಡಬೇಡಿ. ಸಾಮಗ್ರಿ ಮತ್ತು ವಿಧಾನದ ಅಧ್ಯಾಯವನ್ನು ಬಿತ್ತಿದ ವಾರವೇ ಬರೆಯಬಹುದು. ಆಗ ಬಿತ್ತನೆ ದಿನಾಂಕ, ಬೀಜದ ಪ್ರಮಾಣ, ಮಳೆಯ ಅಂಕಿ ಎಲ್ಲವೂ ಕೈಯಲ್ಲಿರುತ್ತದೆ. ನಕಲು ತಪಾಸಣೆಯಲ್ಲಿ ಹೋಲಿಕೆ ಶೇ. 10ರೊಳಗೆ ಇದ್ದರೆ 2018ರ ಯು.ಜಿ.ಸಿ. ನಿಯಮದ ಪ್ರಕಾರ ತೊಂದರೆಯಿಲ್ಲ. 10 ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಹೋಲಿಕೆ ಹೆಚ್ಚು ಬರುವುದು ಸಾಹಿತ್ಯ ಸಮೀಕ್ಷೆಯ ಅಧ್ಯಾಯದಲ್ಲಿ, ಹಳೆಯ ಥೀಸಿಸ್‌ನಿಂದ ಸಾಲುಗಳನ್ನು ಹಾಗೆಯೇ ಎತ್ತಿಕೊಂಡಾಗ. ಮೂಲ ಲೇಖನ ಓದಿ, ಮುಚ್ಚಿಟ್ಟು, ತನ್ನ ಮಾತಿನಲ್ಲಿ ಎರಡು ಸಾಲು ಬರೆದರೆ ಆ ತೊಂದರೆ ಬರುವುದಿಲ್ಲ.

ಹೊಲದ ನೋಟ್‌ಬುಕ್ ಪೆನ್ಸಿಲಿನಲ್ಲಿರಲಿ, ಮಳೆ ಹನಿ ಬಿದ್ದರೆ ಶಾಯಿ ಹರಡುತ್ತದೆ. ಪ್ರತಿ ಸಂಜೆ ಪುಟದ ಫೋಟೊ ತೆಗೆದು ಮೇಲ್‌ಗೆ ಕಳಿಸಿಡಿ. ಪ್ಲಾಟಿನ ಕಾಳನ್ನು ತೂಗಿ ಮುಗಿಯಿತೆಂದು ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿಯಬೇಡಿ. ಪ್ರತಿ ಪ್ಲಾಟಿನಿಂದ ಅರ್ಧ ಕಿಲೊ ಕಾಳನ್ನು ವೈವಾ ಮುಗಿಯುವವರೆಗೆ ಬೇರೆ ಇಡಿ, ನೂರು ಕಾಳಿನ ತೂಕವೋ ಮೊಳಕೆಯ ಪ್ರಮಾಣವೋ ಮತ್ತೊಮ್ಮೆ ನೋಡಬೇಕಾಗಿ ಬರಬಹುದು. ಬಟ್ಟೆ ಚೀಲದಲ್ಲಿಡುವುದಾದರೆ ಜೋಳದ ತೇವ ಶೇ. 12ರೊಳಗೆ, ಗಾಳಿ ಹೋಗದ ಪ್ಯಾಕೆಟ್ಟಿನಲ್ಲಾದರೆ ಶೇ. 8ರೊಳಗೆ ಇಳಿದಿರಬೇಕು. ಪ್ಲಾಟ್ ಸಂಖ್ಯೆಯ ಚೀಟಿ ಚೀಲದ ಮೇಲೆ ಒಂದು, ಒಳಗೆ ಒಂದು, ಎರಡೂ ಇರಲಿ. ಮೇಲಿನದನ್ನು ಇಲಿ ಕಡಿಯುತ್ತದೆ.